ಏನು ತಿನ್ನೋದು, ಎಷ್ಟು ಗಂಟೆಗೆ ತಿನ್ನೋದು: ಮೈಸೂರು–ಮಂಡ್ಯ ಹೋಟೆಲ್ ಹುಡುಕಾಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆ ತಿಂಡಿ-ಊಟದ ಮಾತು ಬಂದಾಗಲೆಲ್ಲ ಕೇಳಿಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ತಿಂಡಿಗಳ ಬೆಲೆ ಮಾತ್ರ ಬರೆದಿಲ್ಲ. ಅದು ಕಾಯಿ ಚಟ್ನಿಯಷ್ಟೇ ಬೇಗ ಹಳಸುತ್ತೆ.

## ಮೊದಲಿಗೆ

ಮೈಸೂರಲ್ಲಿ ಒಳ್ಳೇ ಹೋಟೆಲ್ ಯಾವುದು ಸಾರ್? ಒಂದೇ ಒಂದು ಹೆಸರು ಹೇಳಿ ಸಾಕು.

ಒಂದೇ ಹೆಸರು ಹೇಳಿದರೆ ನಿಮಗೇ ಮೋಸ. ಇಲ್ಲಿನ ಹೋಟೆಲ್‌ಗಳು ಎಲ್ಲದರಲ್ಲೂ ಚೆನ್ನಾಗಿರಲ್ಲ. ಯಾವುದೋ ಒಂದು ತಿಂಡಿಯಲ್ಲಿ, ದಿನದ ಯಾವುದೋ ಒಂದು ಹೊತ್ತಿನಲ್ಲಿ ಚೆನ್ನಾಗಿರುತ್ತವೆ. ಬೆಳಿಗ್ಗೆ ಮೆತ್ತನೆಯ ಬೆಣ್ಣೆ ದೋಸೆ ಬೇಕಾದರೆ ನಜರ್‌ಬಾದಿನ ಮೈಲಾರಿ. ಮಸಾಲೆ ದೋಸೆಗೆ ಚಾಮುಂಡಿಪುರಂನ ಗಾಯತ್ರಿ ಟಿಫನ್ ರೂಮ್, ಊರವರ ಬಾಯಲ್ಲಿ ಜಿಟಿಆರ್. ಮಟನ್ ಪಲಾವ್‌ಗೆ ಮಂಡಿ ಮೊಹಲ್ಲಾದ ಹನುಮಂತು. ಮಧ್ಯಾಹ್ನ ಬಾಳೆ ಎಲೆಯಲ್ಲಿ ಖಾರದ ಆಂಧ್ರ ಊಟಕ್ಕೆ ಗಾಂಧಿ ಚೌಕದ ಆರ್‌ಆರ್‌ಆರ್. ಈ ಹೆಸರುಗಳನ್ನು ಅದಲುಬದಲು ಮಾಡಿಕೊಂಡು ಹೋದರೆ, ಅಥವಾ ಬೆಳಿಗ್ಗೆಯ ಜಾಗಕ್ಕೆ ಮಧ್ಯಾಹ್ನ ಹೋದರೆ, 'ಇಷ್ಟೇನಾ?' ಅನ್ನಿಸುತ್ತೆ. ಹಾಗಾಗಿ ಯಾರನ್ನಾದರೂ ಕೇಳುವಾಗ 'ಯಾವ ಹೋಟೆಲ್' ಅನ್ನಬೇಡಿ. 'ಈಗ ಹತ್ತೂವರೆ, ಇಡ್ಲಿ ತಿನ್ನಬೇಕು, ಎಲ್ಲಿ?' ಅಂತ ಕೇಳಿ. ಉತ್ತರವೇ ಬೇರೆ ಬರುತ್ತೆ.

ಮೈಲಾರಿ ಅಂತ ಎರಡು ಬೋರ್ಡ್ ಇದೆಯಲ್ಲ, ಅಸಲಿ ಯಾವುದು?

ನಜರ್‌ಬಾದ್ ಮುಖ್ಯ ರಸ್ತೆಯಲ್ಲಿ ಒಂದಕ್ಕೊಂದು ಕೂಗಳತೆಯಲ್ಲಿ ಎರಡಿವೆ. ಎರಡಕ್ಕೂ ಕಟ್ಟಾ ಗಿರಾಕಿಗಳಿದ್ದಾರೆ, ಎರಡು ಪಕ್ಷದವರೂ ಸೋಲೊಪ್ಪಲ್ಲ. ಕ್ಯೂ ಚಿಕ್ಕದಿರುವ ಕಡೆ ನಿಲ್ಲಿ. ಅಸಲಿ ಯಾವುದು ಅನ್ನುವುದಕ್ಕಿಂತ ಇದು ಎಂಥ ದೋಸೆ ಅಂತ ತಿಳಿದಿರುವುದು ಮುಖ್ಯ. ಗರಿಗರಿ ಇರಲ್ಲ, ಕೆಂಪು ಚಟ್ನಿ ಸವರಿರಲ್ಲ. ಸ್ಪಂಜಿನಂತೆ ಮೆತ್ತಗೆ, ಒಳಗೆ ಸಾಗು, ಮೇಲೆ ಬೆಣ್ಣೆ, ಪಕ್ಕದಲ್ಲಿ ಕಾಯಿ ಚಟ್ನಿ, ಅಷ್ಟೇ. 'ಮೈಸೂರ್ ಮಸಾಲಾ' ಅಂತ ಬೇರೆ ಊರಲ್ಲಿ ತಿಂದು ಬಂದವರು ಮೊದಲ ಸಲ ಪೆಚ್ಚಾಗುವುದು ಇಲ್ಲೇ. ಜಾಗ ಚಿಕ್ಕದು, ಗೊತ್ತಿಲ್ಲದವರ ಜೊತೆ ಟೇಬಲ್ ಹಂಚಿಕೊಳ್ಳಬೇಕು. ದೋಸೆ ಕಾವಲಿಯಿಂದ ಒಂದು ಹೆಂಚು, ಒಂದು ಹೆಂಚು ಅಂತ ಬರುವುದರಿಂದ ತಲೆಗೆ ಎರಡು ಬೇಕಾದರೆ ಮೊದಲೇ ಎರಡು ಹೇಳಿಬಿಡಿ. ಒಂದು ತಿಂದು ಇನ್ನೊಂದು ಹೇಳಿದರೆ ಮತ್ತೆ ಸರದಿ ಕಾಯಬೇಕಾಗುತ್ತೆ.

ಹೊರಗಿಂದ ನೋಡಿದ್ರೇನೇ ಹೋಟೆಲ್ ಹೆಂಗಿದೆ ಅಂತ ಹೇಳೋಕಾಗುತ್ತಾ?

ಮುಕ್ಕಾಲು ಪಾಲು ಹೇಳಬಹುದು. ಎರಡು ನಿಮಿಷ ಬಾಗಿಲಲ್ಲಿ ನಿಲ್ಲುವ ತಾಳ್ಮೆ ಬೇಕು, ಅಷ್ಟೇ.

ದೋಸೆ ಹೋಟೆಲ್ ಆದರೆ ಕಾವಲಿ ನೋಡಿ. ಭಟ್ಟರು ನೀರು ಚಿಮುಕಿಸಿದಾಗ ಹನಿಗಳು ಚುಯ್ ಅಂತ ಕುಣಿದು ಎರಡು ಮೂರು ಸೆಕೆಂಡಿನಲ್ಲಿ ಆರಬೇಕು. ನೀರು ಅಲ್ಲೇ ಹರಡಿ ನಿಧಾನಕ್ಕೆ ಆವಿಯಾಗುತ್ತಿದ್ದರೆ ಕಾವು ಸಾಲದು, ದೋಸೆ ಬಿಳಚಿಕೊಂಡು ಅಂಟುತ್ತೆ. ಪೊರಕೆಯಿಂದ ಗುಡಿಸದೆ, ನೀರೂ ಹಾಕದೆ ಹಿಟ್ಟು ಹೊಯ್ದರೆ ಕಾವು ಜಾಸ್ತಿಯಾಗಿ ಹಿಟ್ಟು ಸೌಟಿನ ಹಿಂದೆಯೇ ಕಿತ್ತುಕೊಂಡು ಬರುತ್ತೆ. ದೋಸೆ ನಡುವೆ ಹರಿದು, ಅಂಚು ಕರಕಲಾಗುವುದು ಅದಕ್ಕೇ. ಪ್ರತಿ ಸುತ್ತಿಗೂ ನೀರು, ಪೊರಕೆ, ಹಿಟ್ಟು ಅನ್ನುವ ಲಯ ತಪ್ಪದ ಕೈ ಕಂಡರೆ ಒಳಗೆ ಹೋಗಿ ಕೂರಿ.

ಇಡ್ಲಿಯಾದರೆ ಪಾತ್ರೆಯ ಮುಚ್ಚಳ ಎಷ್ಟು ಸಲ ತೆಗೆಯುತ್ತಾರೆ ನೋಡಿ. ಹತ್ತು ಹದಿನೈದು ನಿಮಿಷಕ್ಕೊಂದು ಸಲ ಹೊಸ ತಟ್ಟೆ ಇಳಿಯುತ್ತಿದ್ದರೆ ಬಿಸಿಯಾಗಿ ಸಿಗುತ್ತೆ. ಡಬ್ಬಿಯಲ್ಲಿ ತುಂಬಿಟ್ಟ ಇಡ್ಲಿ ಬೆವರಿ ಅಂಟಂಟಾಗುತ್ತೆ.

ಜನ ಎಷ್ಟಿದ್ದಾರೆ ಅನ್ನುವುದಕ್ಕಿಂತ ಎಂಥವರಿದ್ದಾರೆ ಅನ್ನುವುದೇ ಹೆಚ್ಚು ಹೇಳುತ್ತೆ. ಪೇಪರ್ ಹಿಡಿದು ಒಬ್ಬರೇ ಕೂತ ವಯಸ್ಸಾದವರು, ಯೂನಿಫಾರ್ಮಿನ ಕಂಡಕ್ಟರ್, ಪಕ್ಕದ ಅಂಗಡಿಯವರು ಇದ್ದರೆ ಅವರು ದಿನಾ ಬರುವ ಗಿರಾಕಿಗಳು, ಹೋಟೆಲಿನವರು ಅವರಿಗೆ ಮೋಸ ಮಾಡಿ ದಕ್ಕಿಸಿಕೊಳ್ಳಲಾರರು. ಎಲ್ಲರೂ ಫೋಟೋ ತೆಗೆಯುತ್ತಿದ್ದರೆ ಅದು ಪ್ರವಾಸಿಗರ ಜಾಗ. ಕೆಟ್ಟದ್ದು ಅಂತಲ್ಲ, ಆದರೆ ಅವರು ಮತ್ತೆ ಬರುತ್ತಾರೋ ಇಲ್ಲವೋ ಅನ್ನುವುದು ಗಲ್ಲಾದಲ್ಲಿ ಕೂತವರಿಗೂ ಗೊತ್ತಿರುತ್ತೆ.

ಬೆಳಿಗ್ಗೆ ತಿಂದಾಗ ದೋಸೆ ಸೂಪರ್, ಅದೇ ಹೋಟೆಲಲ್ಲಿ ಸಂಜೆ ನಾಲ್ಕಕ್ಕೆ ತಿಂದ್ರೆ ಹುಳಿ ಹುಳಿ. ಯಾಕೆ ಹಿಂಗೆ?

ಹಿಟ್ಟು ಹುದುಗುವುದು ಬೆಳಿಗ್ಗೆ ನಿಂತುಬಿಡಲ್ಲ. ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಗಿನ ಏಳೆಂಟಕ್ಕೆ ಹದವಾಗಿದ್ದರೆ, ಒಲೆಯ ಪಕ್ಕದ ಶಾಖಕ್ಕೆ ಮಧ್ಯಾಹ್ನದ ಹೊತ್ತಿಗೆ ಹುಳಿ ಏರುತ್ತೆ, ಉಬ್ಬು ಇಳಿಯುತ್ತೆ. ಮಾರ್ಚ್‌ನಿಂದ ಮೇವರೆಗೆ ಇನ್ನೂ ಬೇಗ. ಜಾಣ ಹೋಟೆಲಿನವರು ಸಂಜೆಗೆ ಬೇರೆ ಹಿಟ್ಟು ರುಬ್ಬುತ್ತಾರೆ, ಅಥವಾ ಮಧ್ಯಾಹ್ನ ದೋಸೆಯನ್ನೇ ನಿಲ್ಲಿಸುತ್ತಾರೆ. 'ಹನ್ನೊಂದರ ಮೇಲೆ ದೋಸೆ ಇಲ್ಲ' ಅನ್ನುವ ಬೋರ್ಡ್ ಕಂಡರೆ ಬೈದುಕೊಳ್ಳಬೇಡಿ, ಅದು ಒಳ್ಳೆಯ ಗುರುತು. ಮೂರರಿಂದ ಐದರ ನಡುವೆ ಹಸಿವಾದರೆ ಬಜ್ಜಿ, ಬೋಂಡ, ಮಸಾಲೆ ಪೂರಿ, ಚುರುಮುರಿ ಕಡೆ ಹೋಗಿ. ಆ ಹೊತ್ತಿಗೇ ಹುಟ್ಟಿದ ತಿಂಡಿಗಳು ಅವು.

ಮನೇಲಿ ಅದೇ ಪುಡಿ ಹಾಕಿದ್ರೂ ಹೋಟೆಲ್ ಕಾಫಿ ಥರ ಬರಲ್ಲ. ಒಳ್ಳೇ ಕಾಫಿ ಹೋಟೆಲ್ ಹೆಂಗೆ ಕಂಡುಹಿಡಿಯೋದು?

ಡಿಕಾಕ್ಷನ್ ಎಷ್ಟು ಹೊತ್ತಿನದು ಅನ್ನುವುದರಲ್ಲೇ ಎಲ್ಲ ಇದೆ. ಇಳಿದು ಅರ್ಧ ಗಂಟೆಯೊಳಗಿನ ಡಿಕಾಕ್ಷನ್‌ಗೆ ಘಮ ಇರುತ್ತೆ, ಒಲೆಯ ಮೇಲೆ ಮತ್ತೆ ಮತ್ತೆ ಕಾಯಿಸಿದ್ದಕ್ಕೆ ಕಹಿ ಮಾತ್ರ ಉಳಿಯುತ್ತೆ. ಹಾಗಾಗಿ ಗಿರಾಕಿ ಹೆಚ್ಚಿರುವ ಹೊತ್ತಿನಲ್ಲೇ, ಬೆಳಿಗ್ಗೆ ಆರೂವರೆಯಿಂದ ಎಂಟೂವರೆ, ಸಂಜೆ ನಾಲ್ಕರಿಂದ ಆರು, ಕಾಫಿ ಕುಡಿಯಬೇಕು. ಹನ್ನೆರಡೂವರೆಗೆ ಕಾಫಿ ಕೇಳಿದರೆ ಬೆಳಗಿನದ್ದೇ ಬರುವ ಸಾಧ್ಯತೆ ಹೆಚ್ಚು. ಇನ್ನೊಂದು ಹಾಲು. ಗಂಟೆಗಟ್ಟಲೆ ಕುದ್ದ ಹಾಲಿಗೆ ಬೆಂದ ವಾಸನೆ ಬರುತ್ತೆ, ಅದನ್ನು ಮುಚ್ಚಲು ಸಕ್ಕರೆ ಸುರಿಯುತ್ತಾರೆ. 'ಸಕ್ಕರೆ ಬೇರೆ, ಡಿಕಾಕ್ಷನ್ ಸ್ವಲ್ಪ ಮುಂದೆ' ಅಂತ ಹೇಳಿ ನೋಡಿ. ಸಕ್ಕರೆ ಬೆರೆಸಿದ ಹಾಲೇ ತಯಾರಿಟ್ಟಿದ್ದರೆ ಆಗಲ್ಲ ಅನ್ನುತ್ತಾರೆ, ಅದರಲ್ಲೇ ನಿಮಗೆ ಉತ್ತರ ಸಿಕ್ಕಿತು.

ಮನೆಗೆ ಪುಡಿ ಕೊಳ್ಳುವಾಗ ಚಿಕೋರಿ ಎಷ್ಟು ಅಂತ ಪೊಟ್ಟಣದ ಮೇಲೆ ಓದಿ. ಕಾನೂನಿನ ಪ್ರಕಾರ ಕಾಫಿ–ಚಿಕೋರಿ ಮಿಶ್ರಣದಲ್ಲಿ ಚಿಕೋರಿ 49 ಶೇಕಡಾದವರೆಗೂ ಇರಬಹುದು. 20ರಿಂದ 30 ಇದ್ದರೆ ಬಣ್ಣವೂ ಮೈಯೂ ಹೋಟೆಲಿನಂತೆ ಬರುತ್ತೆ, 40 ದಾಟಿದರೆ ಬೆಲ್ಲದ ಪಾಕದಂಥ ರುಚಿ.

## ನಮ್ಮೂರಲ್ಲೇ ಹೊಸದು

ಇಪ್ಪತ್ತು ವರ್ಷದಿಂದ ಕುವೆಂಪುನಗರದಲ್ಲೇ ಇದೀವಿ. ಅದೇ ನಾಲ್ಕು ಹೋಟೆಲ್, ಅದೇ ಸಪ್ಲೈಯರ್. ಹೊಸ ಜಾಗ ಹುಡುಕೋದು ಹೇಗೆ?

ಮೈಸೂರಿನವರಿಗೆ ಊರು ಚಿಕ್ಕದು ಅನ್ನಿಸುತ್ತೆ, ಆದರೆ ಕುವೆಂಪುನಗರದವರು ಉದಯಗಿರಿ ಕಡೆ ಊಟಕ್ಕೆ ಹೋಗಿರಲ್ಲ, ವಂಟಿಕೊಪ್ಪಲಿನವರು ಅಗ್ರಹಾರದ ಗಲ್ಲಿಗಳಲ್ಲಿ ತಿಂಡಿ ತಿಂದಿರಲ್ಲ. ತಿಂಗಳಿಗೊಂದು ಬಡಾವಣೆ ಅಂತ ಇಟ್ಟುಕೊಳ್ಳಿ. ಗಾಡಿ ಒಂದು ಕಡೆ ನಿಲ್ಲಿಸಿ ನಡೆಯಿರಿ. ಸ್ಕೂಟರಿನಲ್ಲಿ ಹೋದರೆ ಬೋರ್ಡ್ ಕಾಣುತ್ತೆ, ಒಗ್ಗರಣೆ ವಾಸನೆ ಸಿಗಲ್ಲ. ಮಾರುಕಟ್ಟೆಯ ಹಿಂಬದಿ, ಕೋರ್ಟಿನ ಎದುರು, ದೊಡ್ಡ ಆಸ್ಪತ್ರೆಯ ಪಕ್ಕ, ಹಾಸ್ಟೆಲುಗಳ ಸುತ್ತ, ಈ ನಾಲ್ಕು ಕಡೆ ದಿನಾ ತಿನ್ನಲೇಬೇಕಾದ ಜನ ಇರುತ್ತಾರೆ, ಅದಕ್ಕೆ ತಕ್ಕ ಹೋಟೆಲೂ ಇರುತ್ತೆ. ದೇವರಾಜ ಮಾರುಕಟ್ಟೆಯ ಸುತ್ತಮುತ್ತ ಬೆಳಿಗ್ಗೆ ಏಳಕ್ಕೆ ಒಂದು ಸುತ್ತು ಹಾಕಿದರೆ ಹೂವಿನವರು, ಮಂಡಿಯವರು ಎಲ್ಲಿ ತಿನ್ನುತ್ತಾರೆ ಅಂತ ಕಣ್ಣಾರೆ ಕಾಣುತ್ತೆ.

ಹೋದ ಮೊದಲ ದಿನ ಪಟ್ಟಿಯಲ್ಲಿರುವ ಎಲ್ಲವನ್ನೂ ತರಿಸಬೇಡಿ. ಪಕ್ಕದ ಟೇಬಲಿನ ಮೂರು ಜನ ಏನು ತಿನ್ನುತ್ತಿದ್ದಾರೋ ಅದೇ ಒಂದು, ಜೊತೆಗೆ ಒಂದು ಕಾಫಿ. ಚೆನ್ನಾಗಿದ್ದರೆ ಎರಡನೇ ಸಲ ಬೇರೆ ವಾರ, ಬೇರೆ ಹೊತ್ತಿನಲ್ಲಿ ಹೋಗಿ.

4.6 ಸ್ಟಾರ್ ನೋಡ್ಕೊಂಡು ಹೋದೆ, ಊಟ ಸಪ್ಪೆ. ಈ ರಿವ್ಯೂಗಳನ್ನ ನಂಬೋದಾ ಬೇಡ್ವಾ?

ನಂಬಿ, ಆದರೆ ಸರಾಸರಿಯನ್ನಲ್ಲ. ಮೊದಲು ಹೊಸದರಿಂದ ಹಳೆಯದಕ್ಕೆ ಅಂತ ಜೋಡಿಸಿಕೊಂಡು ಕಳೆದ ಎರಡು ತಿಂಗಳಿನವು ಮಾತ್ರ ಓದಿ. ಭಟ್ಟರು ಬದಲಾದರೆ ಮೂರು ವರ್ಷದ ಹಿಂದಿನ ಸ್ಟಾರ್ ಯಾವ ಪ್ರಯೋಜನಕ್ಕೆ? ಆಮೇಲೆ ಎರಡು, ಮೂರು ಸ್ಟಾರ್ ಕೊಟ್ಟವರ ಮಾತು ಓದಿ. ಐದು ಕೊಟ್ಟವರು 'ಸೂಪರ್' ಅಂದು ಹೋಗಿರುತ್ತಾರೆ, ಒಂದು ಕೊಟ್ಟವರಿಗೆ ಪಾರ್ಕಿಂಗ್ ಸಿಕ್ಕಿರಲ್ಲ. ನಡುವಿನವರೇ ಸಾಂಬಾರು ಸಿಹಿ, ಚಟ್ನಿ ನೀರು ಅಂತ ವಿವರ ಕೊಡುವವರು. ಒಂದೇ ವಾರದಲ್ಲಿ ಐವತ್ತು ಐದು-ಸ್ಟಾರ್ ಬಂದು, ಎಲ್ಲರೂ ಒಬ್ಬನೇ ಸಪ್ಲೈಯರ್ ಹೆಸರು ಹೊಗಳಿದ್ದರೆ ಅಲ್ಲಿ ಟೇಬಲ್ ಬಳಿಯೇ ಫೋನ್ ಹಿಡಿದು ಬರೆಸಿಕೊಂಡಿದ್ದಾರೆ ಅಂತ ತಿಳಿಯಿರಿ.

ಹುಡುಕುವಾಗ 'ಒಳ್ಳೆಯ ರೆಸ್ಟೋರೆಂಟ್' ಅಂತ ಹಾಕಬೇಡಿ, 'ತಟ್ಟೆ ಇಡ್ಲಿ', 'ನಾಟಿ ಕೋಳಿ ಮುದ್ದೆ' ಅಂತ ಹಾಕಿ, ಅದೂ ಕನ್ನಡ ಲಿಪಿಯಲ್ಲಿ. ಇಂಗ್ಲಿಷ್ ಹುಡುಕಾಟದಲ್ಲಿ ಮೇಲೆ ಬರದ ಸಣ್ಣ ಮೆಸ್ಸುಗಳು ಆಗ ಕಾಣುತ್ತವೆ. ಗಿರಾಕಿಗಳು ಹಾಕಿದ ಫೋಟೋಗಳಲ್ಲಿ ಮೆನು ಬೋರ್ಡ್ ಹುಡುಕಿ ದಿನಾಂಕ ನೋಡಿ. ಹಬ್ಬದ ದಿನ, ವಾರದ ರಜೆ ಮ್ಯಾಪಿನಲ್ಲಿ ಎಷ್ಟೋ ಸಲ ತಪ್ಪಿರುತ್ತೆ, ದೂರದಿಂದ ಹೋಗುವುದಾದರೆ ಒಂದು ಫೋನ್ ಮಾಡಿ.

ಫ್ಯಾಮಿಲಿ ಕರ್ಕೊಂಡು ಮಿಲಿಟ್ರಿ ಹೋಟೆಲ್‌ಗೆ ಹೋಗಬಹುದಾ? ಹೋದ್ರೆ ಏನು ಹೇಳ್ಬೇಕು?

ಧಾರಾಳವಾಗಿ. ಮೈಸೂರು, ಮಂಡ್ಯ ಎರಡರಲ್ಲೂ ಈಗ ಬಹಳ ಕಡೆ ಫ್ಯಾಮಿಲಿ ರೂಮ್ ಇದೆ. ಭಾನುವಾರ ಒಂದು ಗಂಟೆಗೆ ಮಾತ್ರ ಹೋಗಬೇಡಿ, ಹನ್ನೆರಡೂ ಕಾಲಿಗೆ ಹೋಗಿ. ಮುದ್ದೆ ಆಗಷ್ಟೇ ಕಟ್ಟಿರುತ್ತಾರೆ, ಬೋಟಿ, ತಲೆಮಾಂಸ ಖಾಲಿಯಾಗಿರಲ್ಲ. ಎರಡೂವರೆಯ ಹೊತ್ತಿಗೆ ಉಳಿಯುವುದು ಚಿಕನ್ ಫ್ರೈ ಮತ್ತು ಅನ್ನ.

ಮೊದಲ ಸಲಕ್ಕೆ ಒಂದು ಮುದ್ದೆ, ನಾಟಿ ಕೋಳಿ ಸಾರು, ಒಂದು ಕಾಲ್ ಸೂಪು ಸಾಕು. ಮುದ್ದೆ ನುಣ್ಣಗೆ ಹೊಳೆಯುತ್ತಿರಬೇಕು. ಒದ್ದೆ ಬೆರಳಲ್ಲಿ ಮುರಿದರೆ ಕೈಗೆ ಮೆತ್ತಬಾರದು, ಒಳಗೆ ಬಿಳಿ ಹಿಟ್ಟಿನ ಗಂಟು ಸಿಗಬಾರದು. ಗಂಟು ಸಿಕ್ಕರೆ ಹಿಟ್ಟನ್ನು ಬೇಯಲು ಬಿಡದೆ ಅವಸರದಲ್ಲಿ ತೊಳಸಿದ್ದಾರೆ. ಅಂಥದ್ದು ತಿಂದರೆ ಹೊಟ್ಟೆ ಭಾರ. ತುತ್ತನ್ನು ಸಾರಿನಲ್ಲಿ ಅದ್ದಿ ನುಂಗುವುದು ರೂಢಿ. ಅಗಿದರೆ ಯಾರೂ ಬೈಯಲ್ಲ, ಹಲ್ಲಿಗೆ ಮೆತ್ತಿಕೊಳ್ಳುತ್ತೆ ಅಷ್ಟೇ.

ನಾಟಿ ಕೋಳಿ ಅಂತ ಹೇಳಿ ಫಾರಂ ಕೋಳಿ ಕೊಡುವ ಜಾಗಗಳೂ ಇವೆ. ನಾಟಿಯ ಮೂಳೆ ಗಟ್ಟಿ, ಕಚ್ಚಿದರೆ ಸುಲಭಕ್ಕೆ ಮುರಿಯಲ್ಲ. ಮಾಂಸ ಎಳೆ ಎಳೆ, ತುಣುಕು ಚಿಕ್ಕದು, ಸಾರು ತೆಳ್ಳಗಿದ್ದರೂ ರುಚಿ ಗಾಢ. ಮೆತ್ತಗೆ ಬೆಣ್ಣೆಯಂತೆ ಬಿಟ್ಟುಕೊಂಡರೆ ಅದು ನಾಟಿ ಅಲ್ಲ. 'ಬನ್ನೂರು ಕುರಿ', ಅಂದರೆ ಬಂಡೂರು ಕುರಿಯ ವಿಷಯವೂ ಹಾಗೇ. ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರಿನ ಆ ಗಿಡ್ಡ ತಳಿಯ ಮಾಂಸದಲ್ಲಿ ಕೊಬ್ಬು ಎಳೆಗಳ ನಡುವೆಯೇ ಹರಡಿರುತ್ತೆ, ಅದಕ್ಕೇ ಅಷ್ಟು ಮೃದು. ಬೋರ್ಡ್ ಹಾಕಿದವರೆಲ್ಲರ ಬಳಿ ಅದೇ ತಳಿ ಇರುತ್ತೆ ಅಂತ ಎಣಿಸಬೇಡಿ.

ದಿನ ನೋಡಿ ಹೋಗಿ. ಶ್ರಾವಣದಲ್ಲಿ ವ್ಯಾಪಾರ ಇಳಿಯುತ್ತೆ, ಕೆಲವರು ಬಾಗಿಲು ಹಾಕುತ್ತಾರೆ. ಯುಗಾದಿ ಮಾರನೇ ದಿನದ ಹೊಸತೊಡಕಿಗೆ ಕಾಲಿಡಲು ಜಾಗ ಇರಲ್ಲ. ಗಾಂಧಿ ಜಯಂತಿಗೆ ಮಾಂಸ ಮಾರಾಟ ಬಂದ್.

ಗೋಕುಲಂ ಕೆಫೆಗಳಲ್ಲಿ ಅಷ್ಟು ದುಡ್ಡು ಕೊಟ್ಟು ಏನು ತಿನ್ನೋಕೆ ಹೋಗ್ತಾರೆ?

ತಿನ್ನುವುದಕ್ಕಿಂತ ಕೂರುವುದಕ್ಕೆ. ಯೋಗ ಕಲಿಯಲು ಹೊರದೇಶದಿಂದ ಬರುವವರಿಂದ ಬೆಳೆದ ಜಾಗ ಅದು. ಹಣ್ಣಿನ ಬಟ್ಟಲು, ಹಾಲಿಲ್ಲದ ಸ್ಮೂದಿ, ಮೊಟ್ಟೆ-ಬ್ರೆಡ್ಡು ಅವರ ಅಭ್ಯಾಸಕ್ಕೆ ತಕ್ಕದ್ದು. ಎರಡು ಗಂಟೆ ಯಾರೂ ಎಬ್ಬಿಸದೆ ಓದಲು, ಸ್ನೇಹಿತರ ಜೊತೆ ಮಾತಾಡಲು ಒಳ್ಳೆಯದು. ಅಲ್ಲಿ ಮಸಾಲೆ ದೋಸೆ ಹೇಳಿದರೆ ತಪ್ಪು ನಿಮ್ಮದೇ.

ಅಪ್ಪನಿಗೆ ಎಪ್ಪತ್ತೆಂಟು, ಮಗಳಿಗೆ ಮೂರು. ಇಬ್ಬರಿಗೂ ಆಗುವ ಜಾಗ ಹೇಗೆ ಆರಿಸೋದು?

ಫೋನ್ ಮಾಡಿ ಮೂರು ಕೇಳಿ: ಮೆಟ್ಟಿಲಿದೆಯಾ, ಕೂತು ತಿನ್ನುವ ಜಾಗ ಇದೆಯಾ, ಕಮೋಡ್ ಇರುವ ಶೌಚಾಲಯ ಇದೆಯಾ. ನಿಂತು ತಿನ್ನುವ ದರ್ಶಿನಿಗಳು ಎಷ್ಟೇ ರುಚಿಯಿದ್ದರೂ ಇಬ್ಬರಿಗೂ ಆಗಲ್ಲ. ಖಾರ ಬೇಡದವರಿಗೆ ಖಾಲಿ ದೋಸೆ, ಮೊಸರನ್ನ ಎಲ್ಲಿ ಹೋದರೂ ಸಿಗುತ್ತೆ.

ಮೈಸೂರ್ ಪಾಕ್ ಮೆತ್ತಗಿರಬೇಕಾ, ಗಟ್ಟಿ ಇರಬೇಕಾ? ಮನೆಯಲ್ಲಿ ದಿನಾ ಇದೇ ಜಗಳ.

ಎರಡೂ ಉಂಟು. ಹಳೆಯ ಬಗೆಯಲ್ಲಿ ಕುದಿಯುವ ತುಪ್ಪವನ್ನು ಕಡಲೆಹಿಟ್ಟು-ಪಾಕಕ್ಕೆ ಸ್ವಲ್ಪಸ್ವಲ್ಪವೇ ಸುರಿಯುತ್ತಾರೆ. ಹಿಟ್ಟು ನೊರೆಯೆದ್ದು ತೂತು ತೂತಾಗುತ್ತೆ, ನಡುಭಾಗ ಕಂದು, ಅಂಚು ಹಳದಿ, ಕಚ್ಚಿದರೆ ಪುಡಿಪುಡಿ. ತುಪ್ಪ ಹೆಚ್ಚಿಸಿ ಪಾಕವನ್ನು ಎಳೆಯದಾಗಿ ಇಳಿಸಿದರೆ ಬಾಯಲ್ಲಿ ಕರಗುವ ಬಗೆ. ಈ ಸಿಹಿ ಹುಟ್ಟಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯಲ್ಲಿ, ಕಾಕಾಸುರ ಮಾದಪ್ಪನವರ ಕೈಯಲ್ಲಿ ಅನ್ನುವುದು ಊರಿಗೆಲ್ಲ ಗೊತ್ತಿರುವ ಮಾತು. ಸಯ್ಯಾಜಿರಾವ್ ರಸ್ತೆಯ ಗುರು ಸ್ವೀಟ್ ಮಾರ್ಟ್ ಅವರ ವಂಶದವರದ್ದು. ಕೊಳ್ಳುವಾಗ ತುಪ್ಪದ್ದಾ, ಡಾಲ್ಡಾದ್ದಾ ಅಂತ ಕೇಳಿ. ತಿಂದ ಮೇಲೆ ಅಂಗುಳಕ್ಕೆ ಮೇಣದಂತೆ ಅಂಟಿದರೆ ಡಾಲ್ಡಾ.

## ದಾರಿಯಲ್ಲಿ, ಪರವೂರಲ್ಲಿ

ಎಕ್ಸ್‌ಪ್ರೆಸ್‌ವೇ ಆದ್ಮೇಲೆ ದಾರೀಲಿ ತಿಂಡಿಗೆ ನಿಲ್ಸೋದೇ ಹೋಯ್ತು. ಬಿಡದಿ ಇಡ್ಲಿ, ಮದ್ದೂರು ವಡೆ ಎಲ್ಲಿ ಸಿಗುತ್ತೆ ಈಗ?

ಅವು ಎಲ್ಲಿದ್ದವೋ ಅಲ್ಲೇ ಇವೆ, ರಸ್ತೆ ಪಕ್ಕಕ್ಕೆ ಸರಿಯಿತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ 118 ಕಿಲೋಮೀಟರಿನ ಬೆಂಗಳೂರು–ಮೈಸೂರು ದಶಪಥ ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬೈಪಾಸಿನಲ್ಲಿ ದಾಟಿಬಿಡುತ್ತೆ. ಹೋಟೆಲ್‌ಗಳು ಉಳಿದದ್ದು ಊರೊಳಗಿನ ಹಳೆಯ ರಸ್ತೆಯಲ್ಲಿ. ಎಲ್ಲಿ ತಿನ್ನಬೇಕು ಅಂತ ಹೊರಡುವ ಮೊದಲೇ ತೀರ್ಮಾನಿಸಿ, ಮ್ಯಾಪಿನಲ್ಲಿ ಊರಿನ ಹೆಸರಲ್ಲ, ಹೋಟೆಲಿನ ಹೆಸರನ್ನೇ ಗುರಿಯಾಗಿ ಹಾಕಿ. ಇಳಿಯುವ ದಾರಿ ತಪ್ಪಿಸಿಕೊಂಡರೆ ಮುಂದಿನದು ಬರುವವರೆಗೆ ವಾಪಸ್ ಬರಲಾಗದು. ಬೈಕ್, ಆಟೋಗಳಿಗೆ 2023ರ ಆಗಸ್ಟ್‌ನಿಂದ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. ಸರ್ವಿಸ್ ರಸ್ತೆ, ಹಳೆಯ ರಸ್ತೆ ಹಿಡಿಯುವ ಬೈಕಿನವರಿಗೆ ಈ ವಿಷಯದಲ್ಲಿ ಲಾಭವೇ.

ಮೈಸೂರಿನಿಂದ ಬೆಳಿಗ್ಗೆ ಆರಕ್ಕೆ ಹೊರಟರೆ ಬಿಡದಿಯ ತಟ್ಟೆ ಇಡ್ಲಿಗೆ ಸರಿಯಾದ ಹೊತ್ತು. ಸಂಜೆ ವಾಪಸಾಗುವಾಗ ಮದ್ದೂರು ವಡೆ. ಇದನ್ನು ತಿರುಗಿಸಿದರೆ ಆರಿದ ಇಡ್ಲಿ, ಬೆಳಗಿನ ಹಸಿ ಹೊಟ್ಟೆಗೆ ಎಣ್ಣೆ.

ಒಳ್ಳೇ ಮದ್ದೂರು ವಡೆ ಅಂದ್ರೆ ಹೇಗಿರಬೇಕು? ಕಟ್ಟಿಸ್ಕೊಂಡು ಬಂದ್ರೆ ಮನೆ ಸೇರೋದ್ರೊಳಗೆ ಮೆತ್ತಗಾಗಿರುತ್ತೆ.

ಇದು ಉದ್ದಿನ ವಡೆಯ ಜಾತಿಯಲ್ಲ. ಚಿರೋಟಿ ರವೆ, ಅಕ್ಕಿ ಹಿಟ್ಟು, ಮೈದಾ, ಹೆಚ್ಚಿದ ಈರುಳ್ಳಿ, ಕರಿಬೇವು, ಹಸಿಮೆಣಸಿನಕಾಯಿ, ಬಿಸಿ ತುಪ್ಪ ಅಥವಾ ಎಣ್ಣೆ. ನೀರು ಲೆಕ್ಕಕ್ಕಷ್ಟೇ. 1917ರ ಸುಮಾರಿಗೆ ಮದ್ದೂರು ರೈಲು ನಿಲ್ದಾಣದಲ್ಲಿ ರಾಮಚಂದ್ರ ಬುಧ್ಯ ಅವರು ಶುರು ಮಾಡಿದ್ದು ಅನ್ನುತ್ತಾರೆ. ಅಂಗೈಯಷ್ಟು ಅಗಲ, ಚಪ್ಪಟೆ, ಅಂಚು ಗರಿ, ನಡುವೆ ಸ್ವಲ್ಪ ಮೆತ್ತಗೆ ಇರಬೇಕು. ಕಿರುಉರಿಯಲ್ಲಿ ನಿಧಾನಕ್ಕೆ ಕರಿದರೆ ಈರುಳ್ಳಿಯ ನೀರು ಹೊರಗೆ ಹೋಗುತ್ತೆ. ಜೋರು ಉರಿಯಲ್ಲಿ ಕರಿದರೆ ಹೊರಗೆ ಕಂದಾಗಿ ನೀರು ಒಳಗೇ ಉಳಿಯುತ್ತೆ, ಅದೇ ಆಮೇಲೆ ಮೆತ್ತಗೆ ಮಾಡುವುದು.

ಬಿಸಿಬಿಸಿಯಾಗಿ ಪ್ಲಾಸ್ಟಿಕ್ ಕವರಿಗೆ ಹಾಕಿಸಬೇಡಿ. ಹತ್ತು ನಿಮಿಷ ಆರಲು ಬಿಟ್ಟು ಪೇಪರಿನಲ್ಲಿ ಕಟ್ಟಿಸಿ, ಚಟ್ನಿ ಬೇರೆ. ಮನೆಗೆ ಬಂದು ಒಣ ಹೆಂಚಿನ ಮೇಲೆ ಸಣ್ಣ ಉರಿಯಲ್ಲಿ ಎರಡೂ ಕಡೆ ಎರಡೆರಡು ನಿಮಿಷ ಇಟ್ಟರೆ ಗರಿ ವಾಪಸ್ ಬರುತ್ತೆ, ಮೈಕ್ರೋವೇವ್ ಮಾತ್ರ ಬೇಡ.

ಗುರುತು ಪರಿಚಯ ಇಲ್ಲದ ಊರಲ್ಲಿ ಯಾರನ್ನ ಕೇಳಿದ್ರೆ ಸರಿಯಾದ ಹೋಟೆಲ್ ಹೇಳ್ತಾರೆ?

ಲಾಡ್ಜಿನ ಕೌಂಟರಿನವರನ್ನು ಕೇಳಿದರೆ 'ನೀಟಾಗಿರೋದು' ಹೇಳುತ್ತಾರೆ: ಎಸಿ, ಉತ್ತರ ಭಾರತದ ಮೆನು. ಆಟೋದವರನ್ನು 'ಒಳ್ಳೇ ಹೋಟೆಲ್ ಯಾವುದು' ಅಂದರೂ ಅದೇ, ನಿಮ್ಮ ಬಟ್ಟೆ ನೋಡಿ ಉತ್ತರ ಹೇಳುತ್ತಾರೆ. 'ಅಣ್ಣ, ನೀವು ಬೆಳಿಗ್ಗೆ ತಿಂಡಿ ಎಲ್ಲಿ ತಿಂದ್ರಿ?' ಅಂತ ಕೇಳಿ. ಮೆಡಿಕಲ್ ಶಾಪಿನವರು, ಜೆರಾಕ್ಸ್ ಅಂಗಡಿಯವರು ಇನ್ನೂ ಒಳ್ಳೆಯವರು. ಅಂಗಡಿ ಬಿಟ್ಟು ದೂರ ಹೋಗಲಾಗದೆ ನೂರು ಮೀಟರಿನೊಳಗೆ ಇರುವುದನ್ನೆಲ್ಲ ತಿಂದು ನೋಡಿರುತ್ತಾರೆ. ಇಬ್ಬರು ಬೇರೆಬೇರೆಯವರು ಒಂದೇ ಹೆಸರು ಹೇಳಿದರೆ ಮೂರನೆಯವರನ್ನು ಕೇಳುವ ಅಗತ್ಯವಿಲ್ಲ.

ಎಲ್ಲಿ ಹೋದರೂ ನಮ್ಮೆಜಮಾನ್ರು ಇಡ್ಲಿ ಸಾಂಬಾರೇ ಹುಡುಕ್ತಾರೆ, ಸಿಗದಿದ್ರೆ ಮುಖ ಊದಿಸ್ಕೋತಾರೆ. ಏನು ಮಾಡೋದು?

ಬೆಳಿಗ್ಗೆ ಅವರ ಇಡ್ಲಿ ಅವರಿಗಿರಲಿ, ಮಧ್ಯಾಹ್ನದ ಊಟ ಊರಿನದು ಅಂತ ಒಪ್ಪಂದ ಮಾಡಿಕೊಳ್ಳಿ. ಹುಬ್ಬಳ್ಳಿ-ಧಾರವಾಡದಲ್ಲಿ ಖಾನಾವಳಿಯ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ. ಸಂಜೆಗೆ ಗಿರ್ಮಿಟ್, ಮಿರ್ಚಿ. ದಾವಣಗೆರೆಯಲ್ಲಿ ಬೆಣ್ಣೆ ದೋಸೆ. ಮೈಲಾರಿಯದಕ್ಕೂ ಅದಕ್ಕೂ ಹೆಸರು ಮತ್ತು ಬೆಣ್ಣೆ ಬಿಟ್ಟರೆ ಸಂಬಂಧವಿಲ್ಲ, ಅಲ್ಲಿನದು ಅಂಚು ಗರಿಗರಿ, ಪಲ್ಯ ಬೆಳ್ಳಗೆ. ಮಂಗಳೂರಲ್ಲಿ ನೀರ್ ದೋಸೆ, ಗೋಳಿಬಜೆ, ಮೀನಿನ ಊಟ. ಅಲ್ಲಿ ಸಾರಿನಲ್ಲಿ ಕಾಯಿ ಮುಂದು. ಕೊಡಗಿನಲ್ಲಿ ಕಡಂಬುಟ್ಟು, ತಿನ್ನುವವರಾದರೆ ಪಂದಿ ಕರಿ. ಬೇರೆ ಊರಲ್ಲಿ ನಮ್ಮ ಸಾಂಬಾರು ಹುಡುಕಿದರೆ ನಿರಾಸೆ ಖಚಿತ; ಮೈಸೂರಿನ ಕಡೆಯ ಸಿಹಿ-ಖಾರದ ಹದ ಶ್ರೀರಂಗಪಟ್ಟಣ ದಾಟಿದ ಮೇಲೆಯೇ ಬದಲಾಗಲು ಶುರು.

ದಸರಾಗೆ ನೆಂಟರು ಬರ್ತಾರೆ, ಹನ್ನೆರಡು ಜನ. ಎಲ್ಲಿ ಊಟ ಮಾಡಿಸ್ಲಿ?

ಜಂಬೂ ಸವಾರಿಯ ದಿನ ಅರಮನೆಯಿಂದ ಬನ್ನಿಮಂಟಪದವರೆಗೆ, ಸಯ್ಯಾಜಿರಾವ್ ರಸ್ತೆಯುದ್ದಕ್ಕೂ ಯೋಚನೆಯೇ ಬೇಡ. ಬೆಳಿಗ್ಗೆ ಏಳೂವರೆಗೆ ಸರಸ್ವತಿಪುರಂ, ಕುವೆಂಪುನಗರ, ವಂಟಿಕೊಪ್ಪಲು ಕಡೆ ತಿಂಡಿ ಮುಗಿಸಿ, ಮಧ್ಯಾಹ್ನಕ್ಕೆ ಮನೆಯಲ್ಲೇ ಬಿಸಿಬೇಳೆಬಾತ್. ಉಳಿದ ದಿನಗಳಲ್ಲಿ ಆಹಾರ ಮೇಳ ತೋರಿಸಿ. ಬಿದಿರಿನ ಕೊಳವೆಯಲ್ಲಿ ಬೇಯಿಸುವ ಬೊಂಬು ಬಿರಿಯಾನಿಗೆ ಕ್ಯೂ ಉದ್ದ, ಸಂಜೆ ಐದರೊಳಗೆ ಹೋದರೆ ಸಿಗುತ್ತೆ. ಹನ್ನೆರಡು ಜನಕ್ಕೆ ಒಂದೇ ಟೇಬಲ್ ಕೇಳಬೇಡಿ. ನಾಲ್ಕು ನಾಲ್ಕು ಜನ ಅಂತ ಹೇಳಿ, ಅರ್ಧ ಹೊತ್ತಿನಲ್ಲಿ ಜಾಗ ಸಿಗುತ್ತೆ. ಎರಡು ದಿನ ಉಳಿಯುವ ನೆಂಟರಾದರೆ ಮೇಲುಕೋಟೆಗೆ ಕರೆದೊಯ್ಯಿರಿ. ಬೆಳಿಗ್ಗೆ ದರ್ಶನ, ಆಮೇಲೆ ಪುಳಿಯೋಗರೆ, ಸಕ್ಕರೆ ಪೊಂಗಲ್.

ರೈಲಲ್ಲಿ ಏನು ತಿನ್ನಬಹುದು?

ಬೆಂಗಳೂರು ದಾರಿಯಲ್ಲಿ ಮಾರಿಕೊಂಡು ಬರುವ ವಡೆ ಬಿಸಿಯಿದ್ದರೆ ತಿನ್ನಿ. ಚಟ್ನಿ ಮೂಸಿ ನೋಡಿ. ರಾತ್ರಿ ಪ್ರಯಾಣಕ್ಕೆ ಐಆರ್‌ಸಿಟಿಸಿಯ ಇ-ಕೇಟರಿಂಗ್ ಇದೆ: ಪಿಎನ್‌ಆರ್ ಕೊಟ್ಟು ಮುಂದಿನ ಯಾವ ನಿಲ್ದಾಣದಲ್ಲಿ ಯಾವ ಹೋಟೆಲಿನಿಂದ ಬೇಕು ಅಂತ ಆರಿಸಬಹುದು, ಫೋನಿನಲ್ಲಾದರೆ 1323. ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲುವ ನಿಲ್ದಾಣವನ್ನೇ ಆರಿಸಿ.

## ಇನ್ನೂ ಸ್ವಲ್ಪ ಒಳಕ್ಕೆ

ಬಿಲ್ಲಲ್ಲಿ ಸರ್ವಿಸ್ ಚಾರ್ಜ್ ಅಂತ ಹಾಕಿದ್ರು. ಕೊಡಲೇಬೇಕಾ? ಜಿಎಸ್‌ಟಿ ಎಷ್ಟು?

ಸರ್ವಿಸ್ ಚಾರ್ಜ್ ಕೊಡಲೇಬೇಕು ಅಂತಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಅದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದು ಅಂದಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ತೆಗೆಯಿರಿ ಅಂತ ಮೆತ್ತಗೆ ಹೇಳಿ, ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915. ಸಾಮಾನ್ಯ ಹೋಟೆಲಿನಲ್ಲಿ ಜಿಎಸ್‌ಟಿ 5 ಶೇಕಡಾ. ವರ್ಷಕ್ಕೆ 20 ಲಕ್ಷದೊಳಗಿನ ವಹಿವಾಟಿನ ಸಣ್ಣ ಹೋಟೆಲಿಗೆ ನೋಂದಣಿಯೇ ಬೇಕಿಲ್ಲ. ಬಿಲ್ಲಿನ ಮೇಲೆ 'ಕಾಂಪೊಸಿಷನ್' (ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ವ್ಯವಸ್ಥೆ) ಅಂತ ಇದ್ದರೆ ಅವರು ನಿಮ್ಮಿಂದ ತೆರಿಗೆ ಬೇರೆಯಾಗಿ ವಸೂಲು ಮಾಡುವಂತಿಲ್ಲ. ನೀರಿನ ಬಾಟಲಿಗೆ ಎಂಆರ್‌ಪಿಗಿಂತ ಹೆಚ್ಚು ಹಾಕಿದರು ಅನ್ನುವ ದೂರೂ ಬರುತ್ತೆ. ಕೂತು ತಿನ್ನುವ ಹೋಟೆಲಿನವರು ಹಾಗೆ ಹಾಕಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಬಿಸಿನೀರು ಕೇಳಿ, ಮೈಸೂರಲ್ಲಿ ಅದಕ್ಕೆ ಯಾರೂ ದುಡ್ಡು ಕೇಳಲ್ಲ.

ಶುಚಿ ಹೇಗೆ ನೋಡೋದು? ಅಡುಗೆ ಮನೆಗೆ ಬಿಡಲ್ವಲ್ಲ.

ಕೈತೊಳೆಯುವ ಜಾಗ ನೋಡಿ ಸಾಕು. ಗಿರಾಕಿ ಕಾಣುವ ಜಾಗವೇ ಹಾಗಿದ್ದರೆ ಕಾಣದ್ದು ಹೇಗಿರಬಹುದು. ಗಲ್ಲಾದ ಬಳಿ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರಬೇಕು, ಬಿಲ್ಲಿನಲ್ಲೂ.

ಗೋಬಿ ಮಂಚೂರಿ ಉರಿಗೆಂಪಾಗಿದ್ದರೆ ಬಿಡಿ. ಕೃತಕ ಬಣ್ಣವನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿಗೆ, ಜೂನ್‌ನಲ್ಲಿ ಕಬಾಬಿಗೆ ನಿಷೇಧಿಸಿದೆ. ಬ್ಯಾಡಗಿ ಮೆಣಸಿನ ಬಣ್ಣ ಕಂದು-ಕೆಂಪು, ಬೆರಳಿಗೆ ಹತ್ತಿದರೂ ಸೋಪಿಗೆ ಹೋಗುತ್ತೆ. ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವುದನ್ನೂ 2025ರಲ್ಲಿ ನಿಲ್ಲಿಸಲು ಹೇಳಿದ್ದಾರೆ. ಇಡ್ಲಿಯ ತಳದಲ್ಲಿ ನೇಯ್ಗೆಯ ಗುರುತು ಇದ್ದರೆ ಬಟ್ಟೆ, ಗಾಜಿನಂತೆ ನುಣುಪಾಗಿದ್ದು ಮಡಿಕೆಯ ಗೆರೆ ಬಿದ್ದಿದ್ದರೆ ಅನುಮಾನಿಸಿ.

ಜನ ಹೆದರುವುದು ಮಾಂಸಕ್ಕೆ, ಆದರೆ ಹೊಟ್ಟೆ ಕೆಡಿಸುವುದರಲ್ಲಿ ಅನ್ನವೇನೂ ಕಡಿಮೆಯಲ್ಲ. ಬೆಂದ ಅನ್ನದಲ್ಲೂ ಸಾಯದೆ ಉಳಿಯುವ ಬ್ಯಾಕ್ಟೀರಿಯಾದ ಬೀಜಾಣುಗಳು ಬೆಚ್ಚಗಿನ ಶಾಖದಲ್ಲಿ ಬೆಳೆದು ವಿಷ ಬಿಡುತ್ತವೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗಲ್ಲ. ಬೆಳಿಗ್ಗೆ ಎಂಟಕ್ಕೆ ಕಲಸಿದ ಚಿತ್ರಾನ್ನ, ಪಲಾವ್ ಹನ್ನೊಂದರ ಮೇಲೆ ಉಗುರುಬೆಚ್ಚಗೆ ಇದ್ದರೆ ಬೇಡ. ಹಬೆಯಾಡುತ್ತಿರಬೇಕು.

ಹಾಲು, ತುಪ್ಪ ತಿನ್ನಲ್ಲ. ಗೋಧಿ ಅಲರ್ಜಿ ಬೇರೆ. ದೋಸೆ ಇಡ್ಲಿ ಅಂದ್ರೆ ಸೇಫ್ ತಾನೇ?

ಪೂರ್ತಿ ಅಲ್ಲ. ಸಾಂಬಾರಿನ ಇಂಗಿನಲ್ಲೇ ಗೋಧಿ ಇರಬಹುದು. ಅಂಗಡಿಯಲ್ಲಿ ಸಿಗುವ ಪುಡಿ ಇಂಗಿಗೆ ಮೈದಾ ಬೆರೆಸುವುದು ಸಾಮಾನ್ಯ. ರವೆ ಇಡ್ಲಿ, ರವೆ ದೋಸೆ, ಮದ್ದೂರು ವಡೆ ಮೂರೂ ಗೋಧಿಯವೇ. ಒಂದೇ ಕಾವಲಿಯಲ್ಲಿ ರವೆ ದೋಸೆಯೂ ಬೀಳುತ್ತೆ ಅನ್ನುವುದು ನೆನಪಿರಲಿ. ತುಪ್ಪ, ಬೆಣ್ಣೆ ಬೇಡದವರು 'ಎಣ್ಣೇಲೇ ಹಾಕಿ' ಅನ್ನಿ, ಬರೀ 'ಬೆಣ್ಣೆ ಬೇಡ' ಅಂದರೆ ತುಪ್ಪ ಸವರಿ ತರುತ್ತಾರೆ. ಕಡಲೆಬೀಜದ ಅಲರ್ಜಿ ಇದ್ದರೆ ಚಟ್ನಿ ಕೇಳದೆ ಮುಟ್ಟಬೇಡಿ. ಕಾಯಿ ದುಬಾರಿಯಾದಾಗೆಲ್ಲ ಹುರಿಗಡಲೆಯ ಜೊತೆ ಕಡಲೆಬೀಜವೂ ಚಟ್ನಿಗೆ ಇಳಿಯುತ್ತೆ.

ನಮ್ಮ ಹಳೇ ಹೋಟೆಲ್ ರುಚಿ ಕೆಟ್ಟುಹೋಗಿದೆ. ಭಟ್ಟರು ಬದಲಾದ್ರಾ, ನಮ್ಮ ನಾಲಿಗೆನೇ ಬದಲಾಯ್ತಾ?

ಎರಡೂ ಇರಬಹುದು, ಬೇರೆಬೇರೆಯಾಗಿ ಪರೀಕ್ಷೆ ಮಾಡಿ. ಎಲ್ಲ ತಿಂಡಿಗಳೂ ಒಟ್ಟಿಗೆ ಕೆಟ್ಟಿದ್ದರೆ ಎಣ್ಣೆ, ಮೆಣಸಿನಕಾಯಿ, ಬೇಳೆಯಲ್ಲಿ ಉಳಿತಾಯ ಮಾಡುತ್ತಿದ್ದಾರೆ. ಸಾಂಬಾರು ಮಾತ್ರ ಕೆಟ್ಟಿದ್ದರೆ ಮನೆಯಲ್ಲಿ ಹುರಿದು ಪುಡಿ ಮಾಡುವುದು ನಿಂತು ಪ್ಯಾಕೆಟ್ ಪುಡಿ ಬಂದಿದೆ. ದೋಸೆ ಮಾತ್ರವಾದರೆ ಕಾವಲಿಯ ಕೈ ಬದಲಾಗಿದೆ, ಅಥವಾ ಹೊಸ ಶಾಖೆಗಳಿಗೆ ಹಿಟ್ಟು ಒಂದೇ ಕಡೆ ರುಬ್ಬಿ ಸಾಗಿಸುತ್ತಿದ್ದಾರೆ. ಸಾಗಿಸಿದ ಹಿಟ್ಟು ಕುಲುಕಿ ಗಾಳಿ ಕಳೆದುಕೊಳ್ಳುತ್ತೆ, ದೋಸೆ ಚಪ್ಪಡಿಯಾಗುತ್ತೆ. ಕಾಫಿ ಒಂದೇ ಕೆಟ್ಟಿದ್ದರೆ ನೀವು ಹೋಗುವ ಹೊತ್ತು ಬದಲಾಗಿರಬೇಕು, ಒಮ್ಮೆ ಬೆಳಿಗ್ಗೆ ಏಳಕ್ಕೆ ಹೋಗಿ ನೋಡಿ.

ಹೇಳುವುದಾದರೆ ಜನ ತುಂಬಿದಾಗ ಗಲ್ಲಾದ ಎದುರು ನಿಂತು ಹೇಳಬೇಡಿ. ಹನ್ನೊಂದರ ಹೊತ್ತಿಗೆ, ಯಜಮಾನರು ಪೇಪರ್ ಓದುತ್ತಿರುವಾಗ, 'ರುಚಿ ಇಲ್ಲ' ಅನ್ನದೆ 'ಈ ವಾರ ಎರಡು ಸಲ ಸಾಂಬಾರಲ್ಲಿ ಬೇಳೆ ಕಾಣಲಿಲ್ಲ' ಅನ್ನಿ. ಅಂಥ ಮಾತು ಭಟ್ಟರವರೆಗೆ ಹೋಗುತ್ತೆ. ಹದಿನೈದು ದಿನ ಬಿಟ್ಟು ಅದೇ ಹೊತ್ತಿಗೆ ಹೋಗಿ ಅದೇ ತಿಂಡಿ ಹೇಳಿ. ಬೇಳೆ ಕಂಡರೆ ಸರಿ, ಕಾಣದಿದ್ದರೆ ಮುಂದಿನ ಬೀದಿ.